ಗರುಡನಿಗೆ ಬಾಸ್‌ವುಡ್ ಬೇಡ, ಅಪ್ಪ

ಮಿಲ್ವಾಕಿ, ವಿಸ್ಕಾನ್ಸಿನ್

ಅಪ್ಪ, ಅಮ್ಮನಿಗೆ ನಮಸ್ಕಾರ. ಮಂಜನಿಗೆ ಆಶೀರ್ವಾದ (ನಗಬೇಡ ಕಣೋ, ದೊಡ್ಡವನು ನಾನೇ ಅಲ್ವಾ).

ಮಂಜನ ವಾಯ್ಸ್ ಮೆಸೇಜ್ ಕೇಳಿದೆ. ದೇವಸ್ಥಾನದವರು ಆರಡಿ ಗರುಡ ವಾಹನ ಹೊಸದಾಗಿ ಮಾಡಿಕೊಡಿ ಅಂದಿದ್ದಾರೆ, ಹಳೆಯದು ಹೊರೋಕೆ ಆಗದಷ್ಟು ಭಾರ, ಅದಕ್ಕೆ ಇಲ್ಲಿಂದ ಬಾಸ್‌ವುಡ್ ಅನ್ನುವ ಹಗುರ ಮರ ತರಿಸಬಹುದಾ ಅನ್ನೋದು ನಿಮ್ಮ ಪ್ರಶ್ನೆ. ಫೋನಲ್ಲಿ ಹೇಳಿದರೆ ನಿಮ್ಮ ಕಡೆ ಮೆಷಿನ್ ಸದ್ದು, ಅರ್ಧ ಕೇಳಿಸಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮರ ಬೇಡ. ಆದರೆ ಈ ಮರದಲ್ಲಿ ನಮ್ಮ ವರ್ಕ್‌ಶಾಪಿನ ಶಿಲ್ಪಿಗಳು ಕೆಲಸ ಮಾಡುವ ರೀತಿ ಇದೆಯಲ್ಲ, ಅದು ನಮಗೆ ಬೇಕು.

ತೂಕದ ವಿಷಯ ನೀವು ಹೇಳಿದ್ದು ಸರಿ. ಒಣಗಿದ ಬಾಸ್‌ವುಡ್ ಸಿಎಫ್‌ಟಿಗೆ (ಒಂದು ಘನ ಅಡಿಗೆ) 12 ಕೆಜಿ ಹತ್ತಿರ ತೂಗುತ್ತದೆ, ತೇಗ 18ರ ಸುಮಾರು. ಬಿಳಿ ಮರ, ನಾರಿನ ಎಳೆಗಳು ಕಣ್ಣಿಗೆ ಕಾಣುವುದೇ ಕಷ್ಟ, ಹಾಗಾಗಿ ಮುಖ ಕೆತ್ತಿದಾಗ ಕೆನ್ನೆ ಮೇಲೆ ಗೆರೆ ಓಡಾಡುವುದಿಲ್ಲ. ಇದರದ್ದೇ ಯುರೋಪಿನ ಜಾತಿಯಲ್ಲಿ ಜರ್ಮನಿಯ ಟಿಲ್ಮನ್ ರೀಮೆನ್‌ಷ್ನೈಡರ್ ಅನ್ನುವ ಶಿಲ್ಪಿ 1500ರ ಆಸುಪಾಸಿನಲ್ಲಿ ಚರ್ಚುಗಳಿಗೆ ಆಳೆತ್ತರಕ್ಕೂ ಮೀರಿದ ಕೆಲಸ ಮಾಡಿದ್ದಾನೆ. ರೋಥೆನ್‌ಬರ್ಗ್‌ನಲ್ಲಿರುವ ಒಂದಕ್ಕೆ ಬಣ್ಣವನ್ನೇ ಹಚ್ಚಿಲ್ಲ, ಬರೀ ಮರ. ಅದರ ಫೋಟೋ ನಮ್ಮ ವರ್ಕ್‌ಶಾಪಿನ ಗೋಡೆ ಮೇಲಿದೆ, ಬೆರಳಿನ ನರ ಕೂಡ ಎಣಿಸಬಹುದು. ಐನೂರು ವರ್ಷ ನಿಂತಿದೆ ಸರಿ, ಆದರೆ ಚರ್ಚಿನ ಒಳಗೆ ನಿಂತಿದೆ. ನಮ್ಮ ಗರುಡ ಬೀದಿಗೆ ಬರುವವನು. ಮಳೆ ಬಂದರೂ ಉತ್ಸವ ನಿಲ್ಲಲ್ಲ, ಮಿಕ್ಕ ದಿನ ವಾಹನ ಮಂಟಪದ ಮೂಲೆಯಲ್ಲಿ, ಒದ್ದೆ ಗೋಡೆಗೆ ಒರಗಿಕೊಂಡು ಇರುತ್ತಾನೆ. ತೇವ ತಗುಲಿದರೆ ಬಾಸ್‌ವುಡ್ ಬೇಗ ಕೊಳೆಯುತ್ತದೆ. ಗೆದ್ದಲಿಗಂತೂ ಹಬ್ಬದೂಟ.

ಇನ್ನು ಮರ ಸಿಗುವ ಕಥೆ. ಒಳ್ಳೆ ಬಾಸ್‌ವುಡ್ ಇರುವುದು ಇಲ್ಲಿಂದ ಉತ್ತರಕ್ಕೆ, ವಿಸ್ಕಾನ್ಸಿನ್, ಮಿನ್ನೆಸೋಟ, ಮಿಷಿಗನ್ ಕಡೆಯ ಚಳಿ ಕಾಡಿನಲ್ಲಿ. ಅಲ್ಲಿ ನಿಧಾನ ಬೆಳೆಯುತ್ತದೆ, ಎಳೆ ಒತ್ತಾಗಿರುತ್ತದೆ. ಚಳಿಗಾಲದಲ್ಲೇ ಕಡಿದದ್ದಾ ಅಂತ ನಮ್ಮ ಯಜಮಾನರು ಸಾಮಿಲ್‌ನವರನ್ನು ಕೇಳದೆ ಬಿಡಲ್ಲ. ಬೇಸಿಗೆಯಲ್ಲಿ ಕಡಿದು ದಿಮ್ಮಿ ಸುಮ್ನೆ ಬಿದ್ದಿದ್ದರೆ ಬೂಷ್ಟು ಒಳಗಿಳಿದು ನೀಲಿ-ಬೂದು ಕಲೆ ಆಗುತ್ತದೆ, ಎಷ್ಟು ಕೆತ್ತಿದರೂ ಹೋಗಲ್ಲ. ಇಷ್ಟೆಲ್ಲ ನೋಡಿ ಆರಿಸಿದರೂ ಬೇಕಾದ ದಪ್ಪ ಸಿಗಬೇಕಲ್ಲ! ಈ ಮರದ ಜಾಸ್ತಿ ಗಿರಾಕಿಗಳು ಕಿಟಕಿ ಬ್ಲೈಂಡ್ ಮಾಡುವವರು, ಗಿಟಾರ್ ಮಾಡುವವರು. ಅವರಿಗೆ ತೆಳು ಹಲಗೆ ಸಾಕು, ಸಾಮಿಲ್‌ನವರೂ ಅದನ್ನೇ ಕುಯ್ದು ಇಡುತ್ತಾರೆ. ಒಲೆಯಲ್ಲಿ ಒಣಗಿಸಿದ್ದು ಅಂದರೆ ನಾಲ್ಕು ಇಂಚು ದಪ್ಪವೇ ದೊಡ್ಡದು, ಅದನ್ನೂ ಮುಂಚೆಯೇ ಹೇಳಿಟ್ಟು ಕಾಯಬೇಕು. ಅದಕ್ಕಿಂತ ದಪ್ಪ ಆದರೆ ಮೇಲೆ ಒಣಗಿರುತ್ತದೆ, ಒಳಗೆ ಹಸಿ. ಇದನ್ನೆಲ್ಲ ಕಂಟೇನರ್‌ಗೆ ಹಾಕಿ, ಕೀಟನಾಶಕ ಹೊಗೆ ಹಾಕಿಸಿ, ಸರ್ಟಿಫಿಕೇಟ್ ಮಾಡಿಸಿ, ಸುಂಕ ಕಟ್ಟಿ ಬೆಂಗಳೂರಿನ ಮೈಸೂರು ರೋಡಿಗೆ, ನಮ್ಮ ಅಂಗಡಿಗೆ ತರೋದು? ಆ ದುಡ್ಡಲ್ಲಿ ಗರುಡನ ಜೊತೆ ಹನುಮಂತನನ್ನೂ ಮಾಡಿಕೊಡಬಹುದು.

ಈಗ ನಾನು ಹೇಳಬೇಕಾದದ್ದಕ್ಕೆ ಬರುತ್ತೇನೆ. ನಾವೀಗ ಏಳಡಿ ಸಂತ ಜೋಸೆಫ್ ಮಾಡುತ್ತಿದ್ದೇವೆ. ಒಂದೇ ದಿಮ್ಮಿಯಲ್ಲಿ ಅಲ್ಲ, ಹಲಗೆ ಅಂಟಿಸಿ. ಅಪ್ಪ, ಮುಖ ಸಿಂಡರಿಸಬೇಡಿ, ಪೂರ್ತಿ ಓದಿ. ಬಾಸ್‌ವುಡ್ ಹಸಿಯಿಂದ ಒಣಗುವಷ್ಟರಲ್ಲಿ ಬೆಳವಣಿಗೆಯ ಉಂಗುರದ ಗುಂಟ ನೂರಕ್ಕೆ 9ರಷ್ಟು ಕುಗ್ಗುತ್ತದೆ, ತಿರುಳಿನಿಂದ ತೊಗಟೆ ಕಡೆಗೆ ಆರೂವರೆಯಷ್ಟೇ. ಎರಡೂ ಸಮ ಇಲ್ಲ, ಹಾಗಾಗಿ ಇಡೀ ದಿಮ್ಮಿ ಇಟ್ಟರೆ ಎಲ್ಲಾದರೂ ಸೀಳಲೇಬೇಕು. ನಮ್ಮ ಅಂಗಡಿ ಮುಂದೆ ಬಿದ್ದಿರುವ ದಿಮ್ಮಿಗಳ ತುದಿಯಲ್ಲಿ ತಿರುಳಿಂದ ಹೊರಗೆ ಬಿರುಕು ಹೋಗಿರುತ್ತದಲ್ಲ, ಅದಕ್ಕೂ ಇದೇ ಕಾರಣ. ಹಿಂದಿನ ಜರ್ಮನ್ ಶಿಲ್ಪಿಗಳು ಮೂರ್ತಿಯ ಬೆನ್ನ ಕಡೆಯಿಂದ ತಿರುಳನ್ನು ಪೂರ್ತಿ ತೋಡಿ ತೆಗೆದು ಒಳಗೆ ಪೊಳ್ಳು ಬಿಡುತ್ತಿದ್ದರು. ಬಿರುಕೂ ಕಡಿಮೆ, ಭಾರವೂ ಕಡಿಮೆ. ನಾವು ಹಲಗೆಗಳನ್ನು ಅಂಟಿಸುವಾಗಲೇ ನಡುವೆ ಜಾಗ ಬಿಟ್ಟುಬಿಡುತ್ತೇವೆ.

ಅಂಟಿಸುವುದಕ್ಕೆ ಮುಂಚೆ ಪ್ರತಿ ಹಲಗೆಗೂ ಮೀಟರ್ ಚುಚ್ಚಿ ತೇವ ನೋಡುತ್ತಾರೆ. ಇಲ್ಲಿ ಹೀಟರ್ ಉರಿಯುವ ಕಟ್ಟಡಗಳು, ಅದಕ್ಕೆ ತೇವ ನೂರಕ್ಕೆ 6ರಿಂದ 8 ಇರಬೇಕು. ಒಂದು ಹಲಗೆ 7, ಪಕ್ಕದ್ದು 12 ಅಂದರೆ ಅಂಟಿಸಲ್ಲ, ಎತ್ತಿಡುತ್ತಾರೆ. ಎಳೆ ಎಲ್ಲ ಒಂದೇ ದಿಕ್ಕಿಗೆ, ಆದಷ್ಟು ಒಂದೇ ಮರದ ಹಲಗೆ, ಇಲ್ಲದಿದ್ದರೆ ಬಣ್ಣ ಬೇರೆ ಬೇರೆ ಕಾಣುತ್ತದೆ. ಪ್ಲೇನರ್ ಮೆಷಿನ್‌ನಲ್ಲಿ ಹಲಗೆ ಹೆರೆದು ಸಮ ಮಾಡಿದ ದಿನವೇ ಅಂಟು. ಬೆಸುಗೆ ಗೆರೆ ಮೂಗಿನ ಮೇಲೋ ಕಣ್ಣಿನ ಮೇಲೋ ಬರದ ಹಾಗೆ ಮೊದಲೇ ಹಲಗೆ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಾರೆ. ಕೈಗಳು ಬೇರೆ ತುಂಡು, ಎಳೆ ತೋಳಿನ ಉದ್ದಕ್ಕೇ ಓಡಬೇಕು. ಅಡ್ಡ ಎಳೆಯಲ್ಲಿ ಬೆರಳು ಕೆತ್ತಿದರೆ ಒಂದು ತಟ್ಟಿಗೆ ಮುರಿಯುತ್ತದೆ.

ಉಳಿ ಬಗ್ಗೆ ಒಂದು ಮಾತು. ಮೆದು ಮರ ಅಂದರೆ ಮೊಂಡು ಉಳಿ ನಡೆಯುತ್ತದೆ ಅಂದುಕೊಳ್ಳುತ್ತಾರೆ. ಪೂರಾ ಉಲ್ಟಾ. ತೇಗ ಉಳಿಯನ್ನು ಸವೆಸುತ್ತದೆ, ಆದರೆ ಮೊಂಡು ಅಲಗನ್ನೂ ತಡೆದುಕೊಳ್ಳುತ್ತದೆ. ಬಾಸ್‌ವುಡ್‌ನಲ್ಲಿ ಅಲಗು ಒಂದಿಷ್ಟು ಮೊಂಡಾದರೂ ನಾರು ಕತ್ತರಿಸದೆ ಜಜ್ಜಿಹೋಗಿ ಹತ್ತಿಯ ಹಾಗೆ ಏಳುತ್ತದೆ, ಅಡ್ಡ ಎಳೆಯಲ್ಲಂತೂ ಕಿತ್ತೇ ಬರುತ್ತದೆ. ಅದಕ್ಕೇ ಇವರ ಉಳಿ ನಿಮ್ಮದಕ್ಕಿಂತ ತೆಳು ಮೂತಿಯವು, ದಿನಕ್ಕೆ ಎಷ್ಟೋ ಸಲ ಚರ್ಮದ ಪಟ್ಟಿಗೆ ಉಜ್ಜುತ್ತಾರೆ. ಸ್ಯಾಂಡ್‌ಪೇಪರ್ ಮುಟ್ಟಲ್ಲ, ಉಳಿಯ ಗುರುತು ಕಾಣಲಿ ಅಂತ.

ಗರುಡನಿಗೆ ನನ್ನ ಲೆಕ್ಕ ಹೀಗೆ. ಮರ ನಮ್ಮ ಕಡೆಯೇ ಸಿಗುವ ಶಿವನಿ. ತೇಗಕ್ಕಿಂತ ಹಗುರ, ಒಣಗಿದ ಮೇಲೆ ಜಾಸ್ತಿ ಅಲುಗಾಡಲ್ಲ, ಉಳಿಗೂ ಚೆನ್ನಾಗಿ ಬರುತ್ತದೆ. ಯಾವ ಮರ ಆಗುತ್ತದೆ ಅಂತ ಅರ್ಚಕರನ್ನು ಮೊದಲೇ ಕೇಳಿಬಿಡಿ, ಆಮೇಲೆ ತಕರಾರು ಬೇಡ. ಎದೆ-ಹೊಟ್ಟೆ ಭಾಗ ಪೊಳ್ಳು, ಗೋಡೆ ಎರಡು ಇಂಚು ಸಾಕು. ರೆಕ್ಕೆ ಬೇರೆ ಮಾಡಿ ಕೂಡಿಸಿ, ಬಿಚ್ಚಿ ಇಡೋಕೂ ಅನುಕೂಲ. ಕೆಳಗಿನ ಪೀಠ ಮಾತ್ರ ತೇಗದಲ್ಲೇ ಇರಲಿ, ಹೊರುವ ಬೊಂಬಿನ ಭಾರ ಬೀಳುವುದು ಅಲ್ಲೇ, ಅಲ್ಲಿ ತೂಕ ಉಳಿಸಲು ಹೋಗಬೇಡಿ. ಅಂಟು ನೀರು ತಡೆಯುವಂಥದ್ದು ತನ್ನಿ, ಫೆವಿಕಾಲ್ ಮರೀನ್ ಆಗುತ್ತದೆ. ಬೆಂಗಳೂರಿನ ಹವೆಗೆ ತೇವ 10ರಿಂದ 12 ಇದ್ದರೆ ಒಳ್ಳೆಯದು, 8ಕ್ಕೆ ಇಳಿಸಬೇಕಾಗಿಲ್ಲ.

ಮಂಜ, ಮೀಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಎರಡು ಮುಳ್ಳು ಇರೋದು ತಗೋ, ದುಡ್ಡು ಹಾಕಿದ್ದೇನೆ. ಟಿಂಬರ್ ಯಾರ್ಡ್‌ಗೆ ಹೋದಾಗ ಶಿವನಿ ದಿಮ್ಮಿಯ ಎರಡೂ ತುದಿಯ ಫೋಟೋ ಕಳಿಸು, ಒಂದೇ ಕಡೆ ಅಲ್ಲ. ಅವರು ಚೆನ್ನಾಗಿರೋ ತುದಿಯನ್ನೇ ತೋರಿಸ್ತಾರೆ.

ಅಮ್ಮ, ಸ್ವೆಟರ್ ಹಾಕ್ಕೊಳ್ತಿದ್ದೀನಿ. ಸಾರಿನ ಪುಡಿ ಮುಗಿಯುತ್ತಾ ಬಂತು, ಯಾರಾದರೂ ಈ ಕಡೆ ಬರುವವರಿದ್ದರೆ ಅರ್ಧ ಕೆಜಿ ಕೊಟ್ಟು ಕಳಿಸು.

ನಿಮ್ಮ,
ರಘು