ಅಜ್ಜನನ್ನು ಯಾಕೆ ಸಾಯಿಸಿದೆ?

ಪ್ರೀತಿಯ ತಂಗಿಗೆ,

ನಿನ್ನ ಕತೆ ಕೈಸೇರಿ ಹದಿನೈದು ದಿನವಾಯಿತು, ಉತ್ತರ ತಡವಾಯಿತು, ಕ್ಷಮಿಸು. ಎರಡು ಸಲ ಓದಿದ್ದೇನೆ. ಮೊದಲು ನನ್ನ ತಕರಾರು ಹೇಳಿಬಿಡುತ್ತೇನೆ. ಐವತ್ತು ವರ್ಷ ಒಟ್ಟಿಗೆ ಬಾಳಿದ ಗಂಡಹೆಂಡಿರ ಕತೆಯೆಂದು ಶುರುಮಾಡಿ, ಏಳನೆಯ ಪುಟದಲ್ಲಿ ಅಜ್ಜನನ್ನು ಯಾಕೆ ಸಾಯಿಸಿದೆ? ಅವರಿಬ್ಬರೂ ನೆಮ್ಮದಿಯಾಗಿದ್ದರು, ಕತೆ ಮುಂದಕ್ಕೆ ಹೋಗಲೊಲ್ಲದು, ನಿನಗೆ ಗಾಬರಿಯಾಯಿತು. ಅಜ್ಜಿ ಅತ್ತರೆ ಓದುವವರೂ ಅಳುತ್ತಾರೆ ಎಂಬ ಧೈರ್ಯದ ಮೇಲೆ ಅಜ್ಜನನ್ನು ಕಳಿಸಿಕೊಟ್ಟೆ. ನಿನ್ನನ್ನು ಬೈಯುವ ಯೋಗ್ಯತೆ ನನಗಿಲ್ಲ. ನಿನ್ನ ವಯಸ್ಸಿನಲ್ಲಿ ನಾನೂ ಮೂರು ಕತೆಗಳಲ್ಲಿ ಮೂವರನ್ನು ಹೀಗೆಯೇ ಮುಗಿಸಿದ್ದೇನೆ.

ಈ ಚಟ ಬಿಡಿಸಿದ್ದು ಒಂದು ಅಮೆರಿಕನ್ ಹಾಡು. ನನ್ನ ಹೆಂಡತಿಯ ಅಣ್ಣ ಮಸ್ಕತ್‌ನಿಂದ ಬರುವಾಗ ಡಾನ್ ವಿಲಿಯಮ್ಸ್ ಎಂಬ ಗಾಯಕನ ಕ್ಯಾಸೆಟ್ ತಂದಿದ್ದರು. ಟೆಕ್ಸಸ್‌ನವನು, ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತದವನು. ಊಟವಾದ ಮೇಲೆ ಜಗಲಿಯಲ್ಲಿ ಕೂತು ಮಾತಾಡುವ ಹಾಗೆ ಹಾಡುತ್ತಾನೆ. ಅದರಲ್ಲಿದ್ದ ‘ಯು ಆರ್ ಮೈ ಬೆಸ್ಟ್ ಫ್ರೆಂಡ್’ 1975ರ ಹಾಡು, ಅಲ್ಲಿನ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದು. ಹುಡುಕುವಾಗ ಜೋಪಾನ, ಕ್ವೀನ್ ಎಂಬ ಬ್ರಿಟಿಷ್ ರಾಕ್ ತಂಡದ್ದೂ ಅದೇ ವರ್ಷದ್ದೇ ಒಂದು ಹಾಡು ಇದೇ ಹೆಸರಿನಲ್ಲಿದೆ.

ಕೇಳಿ ನೋಡು. ಮೂರು ನಿಮಿಷವೂ ಇಲ್ಲ. ಯಾರೂ ಸಾಯುವುದಿಲ್ಲ, ಯಾರೂ ಯಾರನ್ನೂ ಬಿಟ್ಟು ಹೋಗುವುದಿಲ್ಲ, ಕಾಯಿಲೆಯಿಲ್ಲ, ಜಗಳವಿಲ್ಲ. ಗಂಡನೊಬ್ಬ ಹೆಂಡತಿಗೆ ಲೆಕ್ಕ ಒಪ್ಪಿಸುತ್ತಾನೆ, ಅಷ್ಟೇ. ಬೆರಳಿಗೆ ಚಿನ್ನ ತೊಡಿಸಿದ್ದು, ಪ್ರೀತಿ ತಂದದ್ದು, ಮಕ್ಕಳಿಗೆ ಜೀವ ಕೊಟ್ಟದ್ದು ಎಲ್ಲ ಅವಳು. ಅವನ ಪಾಲಿಗೆ ಇರುವುದು ಹಸಿವು, ದಣಿವು, ನಿತ್ರಾಣ. ಪ್ರೀತಿ ಎಂಬ ಮಾತು ಇಡೀ ಪದ್ಯದಲ್ಲಿ ಒಂದೇ ಸಲ, ಅದೂ ಮೊದಲಲ್ಲೇ ಬಂದು ಹೋಗುತ್ತದೆ. ಪಲ್ಲವಿಗೆ ಬರುವಷ್ಟರಲ್ಲಿ ಅವಳು ಹಸಿದಾಗಿನ ರೊಟ್ಟಿ, ಬಿರುಗಾಳಿಗೆ ಮರೆ, ಲಂಗರು. ಎಲ್ಲಕ್ಕಿಂತ ಹೆಚ್ಚಾಗಿ ಗೆಳತಿ. ನಿನ್ನ ಕತೆಯಲ್ಲಿ ‘ಪ್ರೀತಿ’ ಹತ್ತೊಂಬತ್ತು ಸಲ ಬಂದಿದೆ. ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತ ಎಣಿಸಿದೆ.

ಲಂಗರು ನನಗೆ ಮೊದಲಿಗೆ ಸವಕಲು ಅನಿಸಿತ್ತು. ನಮ್ಮ ಸಂಸಾರ ಸಾಗರದ ಹಾಗೆಯೇ ಎಲ್ಲರೂ ತಿರುಗಿಸಿ ತಿರುಗಿಸಿ ಚಲಾಯಿಸಿದ ನಾಣ್ಯ. ಆಮೇಲೆ ಹೊಳೆಯಿತು. ಚರ್ಚಿಗೆ ಹೋಗುವ ಊರುಗಳ ಹಾಡು ಅದು. ದಿನದ ರೊಟ್ಟಿ ಕೊಡು ಎಂದು ಪ್ರಾರ್ಥಿಸಿ ಬೆಳೆದವರು, ಮರೆಯೂ ಲಂಗರೂ ದೇವರೇ ಎಂದು ಭಜನೆಗಳಲ್ಲಿ ಹಾಡಿದವರು ಅದರ ಕೇಳುಗರು. ದೇವರಿಗೆ ಹೇಳುವ ಮಾತನ್ನು ಇವನು ಅಡುಗೆಮನೆಯಲ್ಲಿರುವವಳಿಗೆ ಹೇಳುತ್ತಿದ್ದಾನೆ, ಅದೂ ದನಿ ಏರಿಸದೆ. ಅವರ ಕಿವಿಗೆ ಅದು ಸವಕಲಲ್ಲ.

ಆದರೆ ತಿಪಟೂರು ಕಡೆಯ ನಿನ್ನ ಅಜ್ಜನಿಗೆ ಹಡಗು ಎಲ್ಲಿಂದ ಬಂತು? ‘ಬಾಳ ಕಡಲಿನಲ್ಲಿ ಅಜ್ಜಿಯೇ ಅವರ ಹಡಗಾಗಿದ್ದಳು’ ಎಂದು ಬರೆದಿದ್ದೀಯ. ಅವರು ಕಡಲು ನೋಡಿದ್ದರೋ ಇಲ್ಲವೋ! ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು, ನೀರು ಇಂಗಿ, ಚಿಪ್ಪಿನೊಳಗೆ ಗಿಟುಕು ಕಳಚಿಕೊಂಡು ಕುಲುಕಿದರೆ ಸದ್ದು ಮಾಡುವ ಕಾಯಿ ನಿಮ್ಮ ಮನೆಯಲ್ಲೇ ಇರುವಾಗ ಹಡಗು ಕಟ್ಟಲು ಹೋಗಬೇಡ.

ಇನ್ನೊಂದು ಮಾತು. ಡಾನ್ ವಿಲಿಯಮ್ಸ್ 1960ರಲ್ಲಿ ಮದುವೆಯಾದವನು. 2017ರಲ್ಲಿ ತೀರಿಕೊಳ್ಳುವವರೆಗೆ ಅದೇ ಸಂಸಾರ, ಐವತ್ತೇಳು ವರ್ಷ. ಹಾಗಾಗಿ ತನ್ನ ಹೆಂಡತಿಗಾಗಿಯೇ ಬರೆದುಕೊಂಡ ಹಾಡೆಂದು ನಾನು ಬಹಳ ಕಾಲ ನಂಬಿದ್ದೆ. ಬರೆದವನು ಬೇರೆ, ಅರ್ಕಾನ್ಸಾಸ್‌ನ ವೇಲ್ಯಾಂಡ್ ಹೋಲಿಫೀಲ್ಡ್. (ಎರಡೇ ವರ್ಷದ ನಂತರ, ಕೆಲವು ಮುರಿದ ಮನಸ್ಸುಗಳು ಕೂಡುವುದೇ ಇಲ್ಲ ಎಂಬ ಹಾಡನ್ನು ಇದೇ ಗಾಯಕನಿಗೆ ಕೊಟ್ಟ ಪುಣ್ಯಾತ್ಮ. ಅದೂ ಮೊದಲ ಸ್ಥಾನಕ್ಕೆ ಹೋಯಿತು.) ಒಬ್ಬನ ಮನೆಯ ಮಾತು ಇನ್ನೊಬ್ಬನ ಬಾಯಲ್ಲಿ ಸಲೀಸಾಗಿ ಕೂತಿತು, ಯಾಕೆಂದರೆ ಅದರಲ್ಲಿ ಯಾವ ಮನೆಯ ಗುರುತೂ ಇಲ್ಲ. ಎಂಥ ರೊಟ್ಟಿ, ಯಾವ ಊರಿನ ಗಾಳಿ, ಒಂದೂ ಗೊತ್ತಾಗುವುದಿಲ್ಲ. ಇದನ್ನು ಮಾತ್ರ ನೀನು ಕಲಿಯಬೇಡ. ಅವನಿಗೆ ಗಿಟಾರಿದೆ, ಆ ಮಂದ್ರದ ಕಂಠವಿದೆ. ‘ರೊಟ್ಟಿ’ ಎಂದರೆ ಸಾಕು, ಬಿಸಿ ತಾಗುತ್ತದೆ. ನಿನ್ನ ಕಾಗದಕ್ಕೆ ಕಂಠವಿಲ್ಲ. ರೊಟ್ಟಿಯ ಒಂದು ಅಂಚು ಸೀದಿತ್ತು, ಆ ತುಂಡನ್ನು ಅವಳು ತನ್ನ ತಟ್ಟೆಗೆ ಹಾಕಿಕೊಂಡಳು ಎಂದು ನೀನೇ ಬರೆಯಬೇಕಾಗುತ್ತದೆ.

ಬರೆಯುವುದು ನಿನಗೆ ಗೊತ್ತಿದೆ. ಮೂರನೆಯ ಪುಟದಲ್ಲಿ ಅರ್ಧ ಸಾಲಿನಲ್ಲಿ ಹೇಳಿ ಓಡಿಹೋಗಿದ್ದೀಯ: ಪೇಪರ್ ಓದುತ್ತ ನಿದ್ದೆ ಹೋದ ಅಜ್ಜನ ಮೂಗಿನಿಂದ ಅಜ್ಜಿ ಕನ್ನಡಕ ಬಿಡಿಸಿ, ಸೆರಗಿನಲ್ಲಿ ಒರೆಸಿ, ಡಬ್ಬಿಯಲ್ಲಿಡುತ್ತಾಳೆ. ತಂಗೀ, ಕತೆ ಅಲ್ಲಿದೆ! ಒಂದು ಕಿವಿಯ ಕಡ್ಡಿ ಮೊದಲು ಬಿಡಿಸುತ್ತಾಳೋ, ಎರಡನ್ನೂ ಒಟ್ಟಿಗೆ ಎತ್ತುತ್ತಾಳೋ? ಅಜ್ಜನಿಗೆ ಎಚ್ಚರವಿದ್ದೂ ಸುಮ್ಮನಿರುತ್ತಾರೋ? ಎಚ್ಚರವಿರುವುದು ಅಜ್ಜಿಗೂ ಗೊತ್ತೋ? ಈ ಪ್ರಶ್ನೆಗಳಲ್ಲೇ ನಾಲ್ಕು ಪುಟ ಸಾಗುತ್ತದೆ, ಆಸ್ಪತ್ರೆಯ ದೃಶ್ಯದ ಅಗತ್ಯ ಬೀಳುವುದಿಲ್ಲ. ಒರೆಸುವುದನ್ನು ಬರೆದಾದ ಮೇಲೆ ‘ಅಷ್ಟೊಂದು ಪ್ರೀತಿ’ ಎಂದು ಸೇರಿಸಲು ಕೈ ತುರಿಸುತ್ತದೆ. ಎದ್ದು ಹೋಗಿ ಕಾಫಿ ಕುಡಿದು ಬಾ.

‘ಮೈಸೂರ ಮಲ್ಲಿಗೆ’ಯ ಹೆಸರೆತ್ತಿ ನಿನ್ನನ್ನು ಹೆದರಿಸುವ ಇರಾದೆ ನನಗಿರಲಿಲ್ಲ, ಅದಕ್ಕೇ ದೂರದ ಟೆಕ್ಸಸ್ಸಿಗೆ ಹೋದೆ.

ಯುಗಾದಿಯ ಒಳಗೆ ತಿದ್ದಿ ಕಳಿಸು, ಅಜ್ಜ ಬದುಕಿರಲಿ. ಆ ಕನ್ನಡಕದ ಡಬ್ಬಿ ಎಲ್ಲಿರುತ್ತಿತ್ತು ಎಂದು ನೀನು ಬರೆದಿಲ್ಲ. ಊಹಿಸಬೇಡ, ಅಜ್ಜಿಗೆ ಫೋನ್ ಮಾಡಿ ಕೇಳು.

ನಿನ್ನ,
ಅಣ್ಣ