ಪುಟ್ಟಿಯ ಹಾಡು, ಡಿಯಾನಾಳ ಕಥೆ: ಮಂಡ್ಯದ ಗೆಳೆಯನಿಗೊಂದು ಪತ್ರ

ಮೈಸೂರು

ಪ್ರೀತಿಯ ಗೆಳೆಯ,

ಮೊನ್ನೆ ನೀನು ಫೋನ್ ಮಾಡಿದಾಗ ದೇವರಾಜ ಮಾರ್ಕೆಟ್ಟಿನ ಗದ್ದಲದಲ್ಲಿದ್ದೆ. ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಕೇಳಿಸಿದ್ದು ಇಷ್ಟು. ನಿನ್ನ ಮಗಳು ಪುಟ್ಟಿ ಟಿವಿ ಹಾಡಿನ ಸ್ಪರ್ಧೆಗೆ ಆಯ್ಕೆಯಾಗಿದ್ದಾಳೆ. ಜೊತೆಗೆ ಯಾರೋ ಸಿನಿಮಾದಲ್ಲೂ ಒಂದು ಪಾರ್ಟು ಕೊಡಿಸುತ್ತೇವೆ ಅಂದಿದ್ದಾರೆ. ಅತ್ತಿಗೆಗೆ ಮನಸ್ಸಿಲ್ಲ. ಅಮ್ಮನಿಗೆ ಮಾತ್ರ ಇಡೀ ಮಂಡ್ಯಕ್ಕೆ ಈಗಲೇ ಸಾರಿಕೊಂಡು ಬರುವ ಆತುರ. "ನೀನೇನಂತೀಯಾ?" ಅಂತ ನೀನು ಕೇಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಎರಡು ಮಾತಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೆಸರುಗಳನ್ನು ಬಿಟ್ಟು ಎಲ್ಲರಿಗೂ ಓದಲು ಸಿಗುವ ಹಾಗೆ ಹಾಕುತ್ತೇನೆ, ಬೇಜಾರಿಲ್ಲ ತಾನೇ? ನಿನ್ನ ಹಾಗೆಯೇ ತಲೆ ಕೆಡಿಸಿಕೊಂಡ ಅಪ್ಪ ಅಮ್ಮಂದಿರು ಈಗ ಬೀದಿಗೊಬ್ಬರು ಇದ್ದಾರೆ.

ಹೂಂ ಅಥವಾ ಊಹೂಂ ಅನ್ನುವ ಮೊದಲು ಒಬ್ಬಳ ಕಥೆ ಹೇಳಬೇಕು. ಹೆಸರು ಡಿಯಾನಾ ಡರ್ಬಿನ್, ಹಿಂದಿನ ಕಾಲದ ಹಾಲಿವುಡ್ಡಿನ ಹಾಡುವ ನಟಿ. ಈಕೆಯ ಹೆಸರು ನನ್ನ ಕಿವಿಗೆ ಬಿದ್ದದ್ದು ಸತ್ಯಜಿತ್ ರೇ ಬಾಯಿಂದ. 1992ರಲ್ಲಿ ರೇ ಅವರಿಗೆ ಆಸ್ಕರ್ ಕೊಟ್ಟರಲ್ಲ, ಆಗ ಅವರು ಕಲ್ಕತ್ತಾದಲ್ಲಿ ಆಸ್ಪತ್ರೆ ಹಾಸಿಗೆ ಹಿಡಿದಿದ್ದರು. ಅಲ್ಲಿಂದಲೇ ಮಾತಾಡಿದರು. ಸ್ಕೂಲ್ ಹುಡುಗನಾಗಿದ್ದಾಗ ಡಿಯಾನಾ ಡರ್ಬಿನ್‌ಗೆ ಕಾಗದ ಬರೆದಿದ್ದೆ, ಉತ್ತರ ಬಂತು, ಕುಣಿದಾಡುವಷ್ಟು ಖುಷಿಯಾಗಿತ್ತು ಅನ್ನುವ ಅರ್ಥದ ಮಾತು ಅದರಲ್ಲಿ ಬರುತ್ತದೆ. ಇನ್ನೊಬ್ಬ ನಟಿ ಜಿಂಜರ್ ರೋಜರ್ಸ್‌ಗೂ ಬರೆದಿದ್ದರಂತೆ, ಆಯಮ್ಮ ಉತ್ತರ ಕೊಡಲಿಲ್ಲವಂತೆ. ತೀರಿಕೊಳ್ಳುವ ಕೆಲವೇ ವಾರ ಮೊದಲೂ ಮನುಷ್ಯ ಅದನ್ನು ಮರೆತಿರಲಿಲ್ಲ ನೋಡು! ಯಾರಪ್ಪಾ ಈ ಡಿಯಾನಾ ಅಂತ ಹುಡುಕಿಕೊಂಡು ಹೋದೆ.

ಹುಟ್ಟಿದ್ದು 1921ರಲ್ಲಿ, ಕೆನಡಾದ ವಿನಿಪೆಗ್‌ನಲ್ಲಿ. ಅಪ್ಪ ಅಮ್ಮ ಇಂಗ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದವರು. ಮನೆಯಲ್ಲಿಟ್ಟ ಹೆಸರು ಎಡ್ನಾ ಮೇ. ಕೂಸಾಗಿದ್ದಾಗಲೇ ಸಂಸಾರ ಕ್ಯಾಲಿಫೋರ್ನಿಯಾಕ್ಕೆ ಬಂತು. ತಂಗಿಯ ಗಂಟಲನ್ನು ಮೊದಲು ಗುರುತಿಸಿದವಳು ಅಕ್ಕ. ಪಾಠದ ಫೀಸು ಕಟ್ಟಿದವಳೂ ಅಕ್ಕನೇ. ಸಿನಿಮಾದವರು ಬಂದದ್ದು ಆಮೇಲೆ. 13ನೇ ವಯಸ್ಸಿಗೇ ಹಾಲಿವುಡ್ಡಿನ ಎಂಜಿಎಂ ಸ್ಟುಡಿಯೋ ಅವಳಿಂದ ಸಹಿ ಹಾಕಿಸಿಕೊಂಡಿತು. ವಯಸ್ಸಾದ ಒಬ್ಬ ಒಪೆರಾ ಗಾಯಕಿಯ ಜೀವನ ಕುರಿತ ಸಿನಿಮಾದಲ್ಲಿ ಅವರ ಬಾಲ್ಯದ ಪಾತ್ರಕ್ಕೆ ಅಂತ. ಆಯಮ್ಮನ ಆರೋಗ್ಯ ಕೆಟ್ಟು ಸಿನಿಮಾನೇ ನಿಂತುಹೋಯಿತು. ಹುಡುಗಿ ಕೆಲಸವಿಲ್ಲದೆ ಕೂತಳು.

ಅದೇ ಸ್ಟುಡಿಯೋದಲ್ಲಿ ಅವಳ ಹಾಗೇ ಕೂತಿದ್ದ ಇನ್ನೊಬ್ಬ ಹುಡುಗಿ ಇದ್ದಳು, ಜೂಡಿ ಗಾರ್ಲೆಂಡ್. ಡಿಯಾನಾಗಿಂತ ಆರು ತಿಂಗಳು ಚಿಕ್ಕವಳು. 1936ರಲ್ಲಿ ಇಬ್ಬರನ್ನೂ ಸೇರಿಸಿ ಹತ್ತು ಹನ್ನೊಂದು ನಿಮಿಷದ ಒಂದು ಕಿರುಚಿತ್ರ ಮಾಡಿದರು, 'ಎವ್ರಿ ಸಂಡೇ' ಅಂತ. ಯೂಟ್ಯೂಬಿನಲ್ಲಿ ಹುಡುಕಿ ನೋಡು, ಪುಟ್ಟಿಗೂ ತೋರಿಸು. ಊರ ಪಾರ್ಕಿನಲ್ಲಿ ಭಾನುವಾರ ಬ್ಯಾಂಡ್ ನುಡಿಸುತ್ತಾರೆ, ನಮ್ಮ ದಸರಾದಲ್ಲಿ ಅರಮನೆ ಮುಂದೆ ಪೊಲೀಸ್ ಬ್ಯಾಂಡ್ ನುಡಿಸುವ ಹಾಗೆ. ಆದರೆ ಕೇಳುವ ಜನ ಇಲ್ಲ, ನಿಲ್ಲಿಸಿಬಿಡೋಣ ಅನ್ನುತ್ತಾರೆ ಊರಿನ ದೊಡ್ಡವರು. ಇಬ್ಬರು ಹುಡುಗಿಯರೂ ವೇದಿಕೆ ಹತ್ತಿ ಹಾಡುತ್ತಾರೆ. ಡಿಯಾನಾದು ಶಾಸ್ತ್ರೀಯ ಒಪೆರಾ. ನಿಂತ ಕಡೆಯಿಂದ ಅಲ್ಲಾಡುವುದಿಲ್ಲ, ಸ್ವರ ಮಾತ್ರ ಮೇಲೆ ಮೇಲೆ ಹೋಗುತ್ತದೆ. ಜೂಡಿದು ಆಗಿನ ಕಾಲದ ಕುಣಿಸುವ ಹಾಡು. ಭುಜ, ಕಣ್ಣು, ಕೈ ಎಲ್ಲವೂ ಹಾಡುತ್ತವೆ. ಕೊನೆಗೆ ಇಬ್ಬರೂ ಒಟ್ಟಿಗೆ ಹಾಡುತ್ತಾರೆ. ಯಾರು ಹೆಚ್ಚು ಅಂತ ನಾನಂತೂ ಹೇಳಲಾರೆ.

ಆಮೇಲೆ ನಡೆದದ್ದು ಕೇಳು. ಡಿಯಾನಾಳ ಕರಾರನ್ನು ಎಂಜಿಎಂ ಮುಂದುವರಿಸಲಿಲ್ಲ. ಅವಳು ಯೂನಿವರ್ಸಲ್ ಸ್ಟುಡಿಯೋಗೆ ಹೋದಳು. ಅದು ಆಗ ಸಾಲದಲ್ಲಿ ಮುಳುಗಿತ್ತು. 1936ರ ಕೊನೆಗೆ ಬಂದ 'ತ್ರೀ ಸ್ಮಾರ್ಟ್ ಗರ್ಲ್ಸ್' ಮತ್ತು ಮರುವರ್ಷದ 'ಒನ್ ಹಂಡ್ರೆಡ್ ಮೆನ್ ಅಂಡ್ ಎ ಗರ್ಲ್' ಎರಡೂ ಭರ್ಜರಿಯಾಗಿ ಓಡಿದವು. ಎರಡನೆಯದರಲ್ಲಿ ಕೆಲಸ ಕಳೆದುಕೊಂಡ ನೂರು ಜನ ವಾದ್ಯಗಾರರಿಗಾಗಿ ಈ ಹುಡುಗಿ ಓಡಾಡುತ್ತಾಳೆ. ಆರ್ಕೆಸ್ಟ್ರಾ ನಡೆಸುವುದರಲ್ಲಿ ದೊಡ್ಡ ಹೆಸರಾದ ಸ್ಟೊಕೊವ್ಸ್ಕಿ ಆ ಸಿನಿಮಾದಲ್ಲಿ ಸ್ಟೊಕೊವ್ಸ್ಕಿಯಾಗಿಯೇ ಕಾಣಿಸಿಕೊಂಡಿದ್ದಾರೆ. ಸ್ಟುಡಿಯೋ ದಿವಾಳಿಯಾಗದೆ ಉಳಿದದ್ದು ಈ ಹುಡುಗಿಯಿಂದ ಅಂತ ಸಿನಿಮಾ ಇತಿಹಾಸ ಬರೆದವರು ಇವತ್ತಿಗೂ ಹೇಳುತ್ತಾರೆ. ನೂರಾರು ಜನರ ಅನ್ನ ಒಂದು 15 ವರ್ಷದ ಮಗುವಿನ ಗಂಟಲ ಮೇಲೆ! ಓದಿದಾಗ ನನಗೆ ಹೆಮ್ಮೆ ಅನಿಸಲಿಲ್ಲ, ಹೊಟ್ಟೆಯಲ್ಲಿ ಸಂಕಟ ಆಯಿತು.

ಅವಳ ಹೆಸರಲ್ಲಿ ಬೊಂಬೆ ಮಾರಿದರು. ಮಕ್ಕಳಿಗೆಂದೇ ಮಾಡಿಸಿದ ಪುಟಾಣಿ ಆಸ್ಕರ್ ಕೊಟ್ಟರು. 1939ರಲ್ಲಿ ಸಿನಿಮಾದಲ್ಲಿ ಅವಳಿಗೆ ಮೊದಲ ಮುತ್ತು ಸಿಕ್ಕಿದ್ದು ಪತ್ರಿಕೆಗಳಿಗೆ ದೊಡ್ಡ ಸುದ್ದಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಾಜಿಗಳಿಗೆ ಹೆದರಿ ಅಡಗಿ ಕೂತಿದ್ದ ಆ್ಯನ್ ಫ್ರಾಂಕ್ ತನ್ನ ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದ ಚಿತ್ರಗಳಲ್ಲಿ ಡಿಯಾನಾದೂ ಇದೆ. ಲೋಕವೇ ಅವಳನ್ನು ಇಷ್ಟಪಟ್ಟಿತು. ಆದರೆ ಇಷ್ಟಪಟ್ಟದ್ದು ಎಲ್ಲರ ತೊಂದರೆ ಬಗೆಹರಿಸುವ, ಸದಾ ನಗುವ, ಬೆಳೆಯದೇ ಇರುವ ಹುಡುಗಿಯನ್ನು. ಅವಳೋ ಬೆಳೆಯುತ್ತಿದ್ದಳು. ಆ ತೆರೆಯ ಹುಡುಗಿಗೂ ನನಗೂ ಸಂಬಂಧವೇ ಇರಲಿಲ್ಲ ಅಂತ ಆಕೆ ಆಮೇಲೆ ಹೇಳಿಕೊಂಡಿದ್ದಾಳೆ. 1944ರಲ್ಲಿ 'ಕ್ರಿಸ್ಮಸ್ ಹಾಲಿಡೇ' ಅನ್ನುವ ಸಿನಿಮಾದಲ್ಲಿ ಗಂಭೀರ ಪಾತ್ರ ಮಾಡಿದಳು, ಕೊಲೆಗಾರನ ಹೆಂಡತಿಯಾಗಿ. ಆದರೆ ಅಂಥ ಪಾತ್ರ ಮತ್ತೆ ಮತ್ತೆ ಕೊಡುವ ಮನಸ್ಸು ಸ್ಟುಡಿಯೋಗೆ ಇರಲಿಲ್ಲ. ಮತ್ತೆ ಅದೇ ನಗು, ಅದೇ ಹಾಡು. ಸಂಬಳಕ್ಕೇನೂ ಕಮ್ಮಿ ಇರಲಿಲ್ಲ, ಅಮೆರಿಕದಲ್ಲೇ ಅತಿ ಹೆಚ್ಚು ದುಡಿಯುವ ಹೆಂಗಸರ ಪಟ್ಟಿಯಲ್ಲಿದ್ದಳು. ಎರಡು ಮದುವೆ ಮುರಿದುಬಿದ್ದವು.

1949ರಲ್ಲಿ, ಇನ್ನೂ 28 ತುಂಬಿರಲಿಲ್ಲ, ಕರಾರು ಮುಗಿಯಿತು. ಆಕೆ ಗಂಟುಮೂಟೆ ಕಟ್ಟಿದಳು. 1950ರಲ್ಲಿ ಚಾರ್ಲ್ಸ್ ಡೇವಿಡ್ ಎಂಬ ಫ್ರೆಂಚ್ ನಿರ್ದೇಶಕರನ್ನು ಮದುವೆಯಾದಳು. ಜೇಡ, ಸೊಳ್ಳೆ, ಪತ್ರಕರ್ತರು, ಈ ಮೂರರಿಂದ ನನ್ನನ್ನು ಕಾಪಾಡಬೇಕು ಅನ್ನುವುದೇ ಮದುವೆಗೆ ಷರತ್ತಾಗಿತ್ತಂತೆ. ಪ್ಯಾರಿಸ್ ಹತ್ತಿರದ ಒಂದು ಹಳ್ಳಿಯಲ್ಲಿ ಮನೆ ಮಾಡಿದರು. ಆಮೇಲೆ ಒಂದೇ ಒಂದು ಸಿನಿಮಾ ಇಲ್ಲ, ಸಂಗೀತ ಕಛೇರಿ ಇಲ್ಲ. ಎಷ್ಟೋ ಜನ ಬಾಗಿಲಿಗೆ ಹೋದರು. ಪತ್ರಕರ್ತರಿಗೆ ಅಂತ ಬಾಯಿಬಿಟ್ಟದ್ದು 1983ರಲ್ಲಿ ಒಂದೇ ಸಲ. 2013ರಲ್ಲಿ ತೀರಿಕೊಂಡಾಗ 91 ವರ್ಷ.

ಜೂಡಿ? ಎಂಜಿಎಂನಲ್ಲೇ ಉಳಿದಳು. 1939ರ 'ದಿ ವಿಜರ್ಡ್ ಆಫ್ ಆಜ್' ಅವಳನ್ನು ಎಲ್ಲಿಗೋ ಒಯ್ದಿತು. ಒಳಗಿನ ಸಮಾಚಾರ ಬೇರೆ. ದಪ್ಪಗಾಗುತ್ತೀಯ ಅಂತ ಊಟಕ್ಕೆ ಕತ್ತರಿ. ಎಚ್ಚರವಾಗಿರಲು ಒಂದು ಮಾತ್ರೆ, ನಿದ್ದೆಗೆ ಇನ್ನೊಂದು. ಸ್ಟುಡಿಯೋದವರೇ ಕೊಡುತ್ತಿದ್ದರು ಅಂತ ಅವಳೇ ಹೇಳಿದ್ದಾಳೆ. ಆ ಮಾತ್ರೆ ಕೊನೆಯವರೆಗೂ ಬಿಡಲಿಲ್ಲ. 1969ರಲ್ಲಿ ಲಂಡನ್ನಿನಲ್ಲಿ ನಿದ್ದೆ ಮಾತ್ರೆ ಜಾಸ್ತಿಯಾಗಿ ಸತ್ತಳು. 47 ವರ್ಷ ಅಷ್ಟೇ.

ಡಿಯಾನಾ ಗಟ್ಟಿಗಿತ್ತಿ, ಜೂಡಿ ಪಾಪ ಮೆತ್ತಗೆ ಅಂತ ಸುಮ್ನೆ ಹೇಳಿಬಿಡಬಹುದು. ನನಗೆ ಹಾಗೆ ಅನಿಸುವುದಿಲ್ಲ. ಡಿಯಾನಾ ಎದ್ದು ಹೋಗುವಾಗ ಅವಳ ದುಡ್ಡು ಅವಳ ಕೈಲಿತ್ತು, ಬೇಡ ಅನ್ನುವ ಹಕ್ಕೂ ಇತ್ತು. ಜೂಡಿಯ ಊಟ, ನಿದ್ದೆ, ಕೆಲಸದ ಹೊತ್ತು ಎಲ್ಲವನ್ನೂ ಚಿಕ್ಕಂದಿನಿಂದ ಬೇರೆಯವರೇ ನಿರ್ಧರಿಸಿದರು. ಪುಟ್ಟಿಯ ವಿಷಯದಲ್ಲೂ ನನಗಿರುವ ಪ್ರಶ್ನೆ ಇದೊಂದೇ. ಲಗಾಮು ಯಾರ ಕೈಲಿರುತ್ತೆ?

ನಮ್ಮ ಅಪ್ಪುವನ್ನೇ ತಗೋ. ಅವರೂ ಮಗುವಾಗಿದ್ದಾಗಲೇ ನಟಿಸಿದರು, ಹಾಡಿದರು, 'ಬೆಟ್ಟದ ಹೂವು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ತಗೊಂಡರು. ಆಮೇಲೆ ವರ್ಷಗಟ್ಟಲೆ ದೂರ ಉಳಿದು, 2002ರಲ್ಲಿ ಹೀರೋ ಆಗಿ ಬಂದರು. ಆದರೆ ಅವರ ಹಿಂದೆ ರಾಜ್‌ಕುಮಾರ್, ಪಾರ್ವತಮ್ಮ ಇದ್ದರು. ನಿರ್ಮಾಪಕಿ ಮನೆಯಲ್ಲೇ ಅಮ್ಮ! ಆ ಅನುಕೂಲ ನಮಗೆ ನಿಮಗೆ ಎಲ್ಲಿ ಬರಬೇಕು?

ಇಲ್ಲದವರಿಗೆ ಕಾನೂನಾದರೂ ಇದೆ. ಅಮೆರಿಕದಲ್ಲಿ ಜಾಕಿ ಕೂಗನ್ ಅಂತ ಒಬ್ಬ ಹುಡುಗ ಇದ್ದ, ಚಾಪ್ಲಿನ್ ಜೊತೆ 1921ರ 'ದಿ ಕಿಡ್'ನಲ್ಲಿ ನಟಿಸಿದವನು. ಲಕ್ಷಗಟ್ಟಲೆ ಡಾಲರ್ ದುಡಿದ. ದೊಡ್ಡವನಾಗಿ ನೋಡಿದರೆ ಅಮ್ಮ, ಮಲತಂದೆ ಸೇರಿ ಮುಕ್ಕಾಲು ಪಾಲಿಗಿಂತ ಹೆಚ್ಚು ಉಡಾಯಿಸಿದ್ದರು. ಕೋರ್ಟಿಗೆ ಹೋದ. ಅದರ ಫಲವಾಗಿ 1939ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಬಂತು, ಮಕ್ಕಳ ದುಡಿಮೆಯ ಒಂದು ಪಾಲು ಅವರ ಹೆಸರಲ್ಲೇ ಇಡಬೇಕು ಅಂತ.

ನಮ್ಮಲ್ಲೂ ಇದೆ ಕಣೋ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು, 2017ರಲ್ಲಿ ನಿಯಮ ಬಂತು. 14 ತುಂಬದ ಮಗು ಸಿನಿಮಾ, ಟಿವಿಯಲ್ಲಿ ಕೆಲಸ ಮಾಡಬೇಕಾದರೆ, ಕಾರ್ಯಕ್ರಮ ಮಾಡುವವರು ಅದು ನಡೆಯುವ ಜಿಲ್ಲೆಯ ಡಿಸಿ ಹತ್ತಿರ ಮೊದಲೇ ಅನುಮತಿ ತಗೋಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಇಲ್ಲ. ಬಿಡುವಿಲ್ಲದೆ 3 ಗಂಟೆ ಮೀರುವಂತಿಲ್ಲ. ಒಂದೇ ಸಮನೆ 27 ದಿನ ದಾಟುವಂತಿಲ್ಲ. ಓದು ನಿಲ್ಲಬಾರದು. ಮಗು ದುಡಿದದ್ದರಲ್ಲಿ ಕನಿಷ್ಠ 20 ಪರ್ಸೆಂಟು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ಎಫ್‌ಡಿ ಆಗಬೇಕು. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು, ಮಗುವಿಗೆ ಇಷ್ಟವಿಲ್ಲದೆ ಮಾಡಿಸುವಂತಿಲ್ಲ ಅಂತ ಕಾಗದದ ಮೇಲೇ ಬರೆದಿದ್ದಾರೆ.

ಫೋನಲ್ಲಿ ನೀನು ಅಷ್ಟು ಮಾತಾಡಿದೆಯಲ್ಲ, ಪುಟ್ಟಿ ಏನಂತಾಳೆ ಅನ್ನುವುದನ್ನೇ ಹೇಳಲಿಲ್ಲ. ಅವಳಿಗೆ ಹಾಡೋಕೆ ಇಷ್ಟ, ಅದು ಗೊತ್ತು. ಹೋದ ಸಲ ಬಂದಾಗ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಾ ಹಾಡಿಕೊಂಡಳಲ್ಲ, ಯಾರಾದರೂ ನೋಡಿದರೆ ನಿಲ್ಲಿಸಿಬಿಡುತ್ತಿದ್ದಳು. ಹಾಗಾದರೆ ಕ್ಯಾಮೆರಾ ಮುಂದೆ ಸೋತು ಅಳುವುದೂ ಇಷ್ಟವಾ? ಅಮ್ಮನ ಎದುರಿಗೆ ಕೇಳಬೇಡ, ಅಜ್ಜಿಯ ಖುಷಿಗೆ ಹೂಂ ಅಂದುಬಿಡುತ್ತಾಳೆ.

ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಹಾಡಿನ ಸ್ಪರ್ಧೆಗೆ ಅವಳು ಒಪ್ಪಿದರೆ ಕಳಿಸು, ಅತ್ತಿಗೆ ಜೊತೆಗೆ ಇರಲಿ. ಸಂಗೀತದ ಪಾಠ ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡ. ಸಿನಿಮಾದ ಪಾರ್ಟು ಸದ್ಯಕ್ಕೆ ಬೇಡ ಅನ್ನುವುದು ನನ್ನ ಅಭಿಪ್ರಾಯ, ಎರಡೂ ಒಟ್ಟಿಗೆ ಆದರೆ ಶಾಲೆ ಕೈಬಿಡುತ್ತೆ. "ಈಗ ಬಿಟ್ಟರೆ ಮತ್ತೆ ಸಿಗಲ್ಲ" ಅಂತ ಅವಸರ ಮಾಡಿದರೆ ನೀನು ಇನ್ನೂ ನಿಧಾನ ಮಾಡು.

ಅವರು ಕೊಟ್ಟ ಅಗ್ರಿಮೆಂಟಿಗೆ ಇನ್ನೂ ಸಹಿ ಹಾಕಿಲ್ಲ ತಾನೇ? ಹಾಕಬೇಡ. ಭಾನುವಾರ ಎಲ್ಲರೂ ಬನ್ನಿ, ಬೆಳಗಿನ ರೈಲು ಹತ್ತಿದರೆ ತಿಂಡಿ ಹೊತ್ತಿಗೆ ಇಲ್ಲಿರುತ್ತೀರಿ. ಆ ಕಾಗದ ಮರೆಯದೆ ತಾ. ನಮ್ಮ ಪಕ್ಕದ ಮನೆಯ ವಕೀಲರಿಗೆ ಹೇಳಿಟ್ಟಿದ್ದೇನೆ, ಸಾಲು ಸಾಲಾಗಿ ಓದಿಸೋಣ. ಅವಳ ಹಾಡಿನ ಹಕ್ಕು ಎಷ್ಟು ವರ್ಷ ಅವರದು, ಮಧ್ಯದಲ್ಲಿ ಬಿಟ್ಟರೆ ದಂಡ ಉಂಟಾ, ಇವೆರಡನ್ನು ಮೊದಲು ನೋಡಬೇಕು.

ಅಮ್ಮನಿಗೆ ನಮಸ್ಕಾರ ಹೇಳು. ಊರಿಗೆಲ್ಲ ಸಾರುವುದನ್ನು ಭಾನುವಾರದವರೆಗಾದರೂ ತಡೆದು ಹಿಡಿ, ನಿನ್ನ ಕೈಲಾದರೆ.

ನಿನ್ನ ಗೆಳೆಯ