ಸನ್ನದು ವಾಪಸು ಕೊಡಬೇಡ, ಪುಟ್ಟಿ

ಪುಟ್ಟಿ,

ಭಾನುವಾರ ಫೋನಿನಲ್ಲಿ ಆದದ್ದು ಇಬ್ಬರಿಗೂ ಗೊತ್ತು, ಮತ್ತೆ ಕೆದಕುವುದಿಲ್ಲ. ಕೆನಡಾದಲ್ಲಿ ವಕೀಲಳಾಗಲು ನೀನು ಬರೆದ ಪರೀಕ್ಷೆ ಹೋದಾಗ, "ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆಯಲ್ಲೂ ಫೇಲಾ" ಅಂತ ನಾನಂದದ್ದು ನಿನಗೆ ಚುಚ್ಚಿತಂತೆ, ಅಮ್ಮ ಹೇಳಿದಳು. ಬೇಜಾರು ಮಾಡ್ಕೋಬೇಡ. ಆದರೆ ನೀನು "ಇಲ್ಲಿಯ ವಕೀಲಿಕೆ ಸನ್ನದು ವಾಪಸು ಕೊಟ್ಟುಬಿಡ್ತೀನಿ" ಅಂದೆಯಲ್ಲ, ಅದಕ್ಕೇ ನನಗೆ ನಿದ್ದೆ ಬರುತ್ತಿಲ್ಲ.

ಬೆಂಗಳೂರಿನ ಮೇಯೋ ಹಾಲ್ ಕೋರ್ಟಿನಲ್ಲಿ ನಿನ್ನ ಮೊದಲ ಪಾಟೀಸವಾಲು ನೆನಪಿದೆ. ನಾನಾಗಲೇ ರಿಟೈರಾಗಿದ್ದೆ, ನಿನಗೆ ಹೇಳದೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಸೀನಿಯರ್ ಬಂದಿರಲಿಲ್ಲ. ವಾಯಿದೆ ಕೇಳುತ್ತೀಯ ಅಂದುಕೊಂಡರೆ, ಫೈಲು ಮುಚ್ಚಿಟ್ಟು ವಿಲ್ಲಿಗೆ ಸಾಕ್ಷಿ ಹಾಕಿದ್ದ ಮುದುಕನನ್ನು ಕೇಳಿದೆ: "ಅಜ್ಜಾ, ಅವತ್ತು ಕರೆಂಟ್ ಇತ್ತಾ?" "ಇಲ್ಲಮ್ಮ, ಲಾಟೀನು." "ಯಜಮಾನ್ರು ಸಹಿ ಹಾಕಿದ್ದು ನಿಮಗೆ ಕಾಣಿಸ್ತಾ?" "ನನ್ನ ಕನ್ನಡಕ ಮನೇಲಿತ್ತು." ಅಷ್ಟೇ. ನೀನು ಇನ್ನೊಂದು ಮಾತಾಡಲಿಲ್ಲ. ಟೈಪಿಸ್ಟ್ ಅದನ್ನು ಹೊಡೆದು ಮುಗಿಸುವವರೆಗೆ ಸುಮ್ಮನೆ ನಿಂತೆ. ಬೆಂಚ್ ಕ್ಲರ್ಕ್ ಆಗಿ ಎಷ್ಟೋ ವಕೀಲರನ್ನು ಕಂಡಿದ್ದೇನೆ; ಬೇಕಾದ ಉತ್ತರ ಸಿಕ್ಕ ಮೇಲೂ ಇನ್ನೊಂದು ಪ್ರಶ್ನೆ ಕೇಳಿ ಕೆಡಿಸಿಕೊಳ್ಳುವವರೇ ಹೆಚ್ಚು. ಆ ಕೇಸು ಕೊನೆಗೆ ಏನಾಯಿತೋ ಮರೆತಿದ್ದೇನೆ. ನೀನು ಬಾಯಿ ಮುಚ್ಚಿಕೊಂಡು ನಿಂತದ್ದು ಮಾತ್ರ ಮರೆತಿಲ್ಲ.

ಹೊರದೇಶದ ಕಾನೂನು ಪದವಿಗಳನ್ನು ತೂಗಿ ನೋಡುವ ಕೆನಡಾದ ಸಮಿತಿ ಎನ್‌ಸಿಎ ಕೊಟ್ಟ ಐದು ವಿಷಯಗಳಲ್ಲಿ ಹೋದದ್ದು ಒಂದು, ಅದೂ ಸಂವಿಧಾನ. ಉಳಿಕೆ ಅಧಿಕಾರ, ಅಂದರೆ ಯಾರಿಗೂ ಹಂಚದೆ ಉಳಿದ ವಿಷಯಗಳ ಅಧಿಕಾರ, ಕೇಂದ್ರಕ್ಕೆ ಎಂಬುದು ಅವರ 1867ರ ಕಾಯ್ದೆಯಲ್ಲಿದೆ, ನಮ್ಮಲ್ಲೂ ಇದೆ. ಹಕ್ಕಿಗೆ ಎಷ್ಟು ಮಿತಿ ಹಾಕಬಹುದು ಅನ್ನುವುದಕ್ಕೆ ಅವರದು 1986ರ ಓಕ್ಸ್ ತೀರ್ಪು; ನೀನು ನಮ್ಮಲ್ಲಿಯ 2017ರ ಪುಟ್ಟಸ್ವಾಮಿ ತೀರ್ಪು, ಖಾಸಗಿತನದ ಹಕ್ಕಿನದು, ಅರೆದು ಕುಡಿದವಳು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದು, ರಾತ್ರಿ ಮೊಬೈಲ್ ಬದಿಗಿಡು, ಹೊತ್ತಿಗೆ ಸರಿಯಾಗಿ ಊಟ ಮಾಡು... ನೋಡು, ಮತ್ತೆ ಪಾಠ ಶುರು ಮಾಡಿದೆ.

ಇದು ಮುಗಿದರೂ ಒಂಟಾರಿಯೊ ಲಾ ಸೊಸೈಟಿಯ ಬ್ಯಾರಿಸ್ಟರ್, ಸಾಲಿಸಿಟರ್ ಪರೀಕ್ಷೆ, ವಕೀಲರ ಕೈಕೆಳಗೆ ತರಬೇತಿಯ ಆರ್ಟಿಕ್ಲಿಂಗ್ ಇವೆ. ಇಲ್ಲಿ ಸ್ವಂತ ವಕಾಲತ್ತು ಹಾಕುತ್ತಿದ್ದವಳು ಅಲ್ಲಿ ಮತ್ತೆ ಜೂನಿಯರ್. ನನಗೂ ಹೊಟ್ಟೆ ಉರಿಯುತ್ತದೆ. ಆದರೆ ಅಲ್ಲಿಯ ವಕೀಲರು ಬಂದರೆ ನಾವು ಮಾತ್ರ ನಮ್ಮ ಕೋರ್ಟಿನಲ್ಲಿ ನಿಲ್ಲಲು ಬಿಡುತ್ತೇವಾ? 2018ರಲ್ಲಿ ಬಾಲಾಜಿ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಆಗಲ್ಲ ಅಂದಿದೆ.

ಸದ್ಯಕ್ಕೆ ಆ ಲಾ ಆಫೀಸಿನ ಕ್ಲರ್ಕ್ ಕೆಲಸ ಹಿಡಿ, ನಾಚಿಕೆಯೇನಿಲ್ಲ, ನಿನ್ನಪ್ಪನೂ ಕ್ಲರ್ಕೇ. ಆದರೆ ಸನ್ನದು ಸದ್ಯಕ್ಕೆ ಅಮಾನತಿನಲ್ಲಿಡುವುದು ಬೇರೆ, ಬೇಡವೇ ಬೇಡವೆಂದು ಬರೆದುಕೊಡುವುದು ಬೇರೆ. ಅಮಾನತಿನ ಅರ್ಜಿಗೆ ಸಹಿ ಹಾಕಿ ಕಳಿಸು. ವಕೀಲರ ಪರಿಷತ್ತಿಗೆ ನಾನೇ ಹೋಗಿ ಕೊಟ್ಟು ಸ್ವೀಕೃತಿ ತರುತ್ತೇನೆ. ಮೂಲ ಸನ್ನದು ನಿನ್ನ ಹತ್ತಿರ ಇದೆಯೋ, ಇಲ್ಲಿ ಬೀರುವಿನಲ್ಲಿದೆಯೋ ತಿಳಿಸು. ನನ್ನ ಮೇಲಿನ ಕೋಪಕ್ಕೆ ಅಮ್ಮನ ಫೋನನ್ನೂ ಎತ್ತದೆ ಇರಬೇಡ.

ಅಪ್ಪ